ಕೊಲೆಗಾರನ ಬಾಲ್ಯ

ಮೊಬೈಲಿನಲ್ಲಿ ಸಿನಿಮಾವನ್ನು ಹತ್ತು ಸೆಕೆಂಡು ಮುಂದಕ್ಕೆ ಓಡಿಸುವ ಒಂದು ಗುಂಡಿ ಇದೆ. ಭಯದ ಸಿನಿಮಾಕ್ಕೆ ಅದಕ್ಕಿಂತ ದೊಡ್ಡ ವೈರಿ ಇನ್ನೊಂದಿಲ್ಲ. ನಮ್ಮ ವನದುರ್ಗದ ಹುಡುಗರು ಮೊನ್ನೆ ನನ್ನ ಒತ್ತಾಯಕ್ಕೆ ಜಾನ್ ಕಾರ್ಪೆಂಟರನ 1978ರ ‘ಹ್ಯಾಲೋವೀನ್’ ನೋಡಿದರು. ಆ ಗುಂಡಿ ಒತ್ತಿ ಒತ್ತಿಯೇ ಮುಗಿಸಿದರು. “ಅದ್ರಾಗ ಏನೂ ಆಗಂಗಿಲ್ಲರಿ. ಹೊಸಾದು ಚಲೋ ಅದ, ಅವ ಯಾಕ ಹಂಗಾದ ಅಂತ ಎಲ್ಲಾ ತೋರ್ಸ್ಯಾರ” ಅಂದರು. ಹೊಸದು ಅಂದರೆ ರಾಬ್ ಜೋಂಬಿ 2007ರಲ್ಲಿ ಮಾಡಿದ ರೀಮೇಕ್.

ಮೊದಲನೆಯ ಮಾತನ್ನು ವಯಸ್ಸಿಗೆ ಬಿಟ್ಟೆ. ಎರಡನೆಯದು ಇನ್ನೂ ಚುಚ್ಚುತ್ತಿದೆ. ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಕೊಲ್ಲುತ್ತ ಹೋಗುವ ಸ್ಲ್ಯಾಶರ್ ಸಿನಿಮಾಗಳ ರೀಮೇಕುಗಳೆಲ್ಲ ಮುಗ್ಗರಿಸಿರುವುದು ಸರಿಯಾಗಿ ಅಲ್ಲೇ.

ಒಂದೇ ಕೊಲೆಯನ್ನು ಇಬ್ಬರು ನಿರ್ದೇಶಕರು ಹೇಗೆ ಕಟ್ಟಿದ್ದಾರೆ ಎಂದು ಹಳತು ಹೊಸತನ್ನು ಪಕ್ಕಪಕ್ಕ ಇಟ್ಟು ನೋಡುವ ಚಟ ನನ್ನದು. ಒಂದೇ ರಾಗವನ್ನು ಇಬ್ಬರು ಗಾಯಕರ ಕಂಠದಲ್ಲಿ ಕೇಳುವ ಸುಖ ಇದರಲ್ಲಿದೆ. ಇದಕ್ಕೆ ನನ್ನದೊಂದು ಪದ್ಧತಿಯಿದೆ. ದೃಶ್ಯವನ್ನು ಮೊದಲು ದನಿ ಪೂರ್ತಿ ಮುಚ್ಚಿ ನೋಡಬೇಕು. ಆಮೇಲೆ ಪರದೆಗೆ ಬೆನ್ನು ಹಾಕಿ ಬರೀ ದನಿ ಕೇಳಬೇಕು. ಎರಡನ್ನೂ ಕೂಡಿಸಿ ನೋಡುವುದು ಕೊನೆಗೆ. ಹೀಗೆ ಮಾಡಿದರೆ ಯಾವ ಭಯ ಕ್ಯಾಮೆರಾದ್ದು, ಯಾವುದು ವಾದ್ಯದ್ದು, ಯಾವುದು ಬರೀ ಗದ್ದಲ ಎಂಬುದು ತಾನಾಗಿ ಬೇರೆಯಾಗುತ್ತದೆ.

‘ಹ್ಯಾಲೋವೀನ್’ ಈ ಪರೀಕ್ಷೆಗೆ ಹೇಳಿ ಮಾಡಿಸಿದ ಸಿನಿಮಾ. ಕಾರ್ಪೆಂಟರ್ ಅದನ್ನು ಸಂಗೀತವಿಲ್ಲದೆ ತೋರಿಸಿದಾಗ ಸ್ಟುಡಿಯೋದವರೊಬ್ಬರಿಗೆ ಸ್ವಲ್ಪವೂ ಹೆದರಿಕೆ ಆಗಲಿಲ್ಲವಂತೆ. ಆಮೇಲೆ ಅವನೇ ಕೂತು ಐದು ಮಾತ್ರೆಯ ಆ ಪಿಯಾನೋ ಸ್ವರಗಳನ್ನು ಹಾಕಿದ. ಸಂಗೀತದ ಬಲ ಅಷ್ಟು. ಆದರೂ ಒಂದು ದೃಶ್ಯ ಮಾತ್ರ ದನಿಯಿಲ್ಲದೆಯೂ ಗೆಲ್ಲುತ್ತದೆ. ನಾಯಕಿ ಲೋರಿ ಬಾಗಿಲ ಪಕ್ಕದ ಗೋಡೆಗೆ ಒರಗಿ ಅಳುತ್ತಿದ್ದಾಳೆ. ಅವಳ ಬೆನ್ನ ಹಿಂದಿನ ಕತ್ತಲಲ್ಲಿ ಕೊಲೆಗಾರನ ಬಿಳಿ ಮುಖವಾಡ ನಿಧಾನವಾಗಿ ಮೂಡುತ್ತದೆ. ಛಾಯಾಗ್ರಾಹಕ ಡೀನ್ ಕಂಡಿ ಬೆಳಕನ್ನು ಎಳೆಎಳೆಯಾಗಿ ಏರಿಸಿದ್ದಾನೆ, ಅಷ್ಟೇ. ಹತ್ತು ಸೆಕೆಂಡು ಹಾರಿಸಿದವನಿಗೆ ಇದು ಕಾಣುವುದೇ ಇಲ್ಲ.

ವನದುರ್ಗದ ಹುಡುಗರಿಗಾದರೂ ಇದು ಗೊತ್ತಿರಬೇಕಿತ್ತು. ಸುರಪುರದ ನಾಯಕರ ಕಾಲದ ಕೋಟೆ ಊರಲ್ಲೇ ಇದೆ. ಕತ್ತಲಾದ ಮೇಲೆ ಅದರ ಬಾಗಿಲ ಮುಂದೆ ಬಂದಾಗ, ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದರೂ ಕಾಲು ತಡೆಯುತ್ತದೆ. ಏನೂ ಆಗದಿರುವುದೇ ಅಲ್ಲಿನ ಭಯ.

ಕಾರ್ಪೆಂಟರನ ಕೊಲೆಗಾರ ಮೈಕೆಲ್ ಆರು ವರ್ಷದವನಿದ್ದಾಗ ಅಕ್ಕನನ್ನು ಕೊಲ್ಲುತ್ತಾನೆ. ಯಾಕೆಂದು ಯಾರೂ ಹೇಳುವುದಿಲ್ಲ. ಜೋಂಬಿ ಅದೇ ಹುಡುಗನಿಗೆ ಬಟ್ಟೆ ಬಿಚ್ಚಿ ಕುಣಿದು ಹೊಟ್ಟೆ ಹೊರೆಯುವ ತಾಯಿ, ಬೈಯುವ ಅವಳ ಗೆಳೆಯ, ಶಾಲೆಯಲ್ಲಿ ಕಾಡುವ ಹುಡುಗರು ಎಲ್ಲವನ್ನೂ ಕೊಟ್ಟ. ನಾನು ಅವನನ್ನು ನೋಡಿ ಮರುಗಿದೆ. ಮರುಕ ಹುಟ್ಟಿದ ಗಳಿಗೆಯಲ್ಲೇ ಹೆದರಿಕೆ ಸತ್ತಿತು.

‘ಬ್ಲ್ಯಾಕ್ ಕ್ರಿಸ್‌ಮಸ್’ ಗತಿಯೂ ಇದೇ. 1974ರ ಮೂಲದಲ್ಲಿ ಬಿಲ್ಲಿ ಎಂಬವನ ಒಂದು ಕಣ್ಣು ಕಾಣುತ್ತದೆ, ಫೋನಿನಲ್ಲಿ ದನಿ ಕೇಳುತ್ತದೆ, ಮುಗಿಯಿತು. ಅವನು ಯಾರೆಂದು ತಿಳಿಯುವುದಿಲ್ಲ. ಕೊನೆಯಲ್ಲೂ ಫೋನು ಹೊಡೆದುಕೊಳ್ಳುತ್ತಲೇ ಇರುತ್ತದೆ. 2006ರ ರೀಮೇಕಿನಲ್ಲಿ ಅವನಿಗೆ ಕಾಮಾಲೆಯ ಹಳದಿ ಚರ್ಮ, ಕ್ರೂರಿ ತಾಯಿ, ಅಟ್ಟದ ಸೆರೆವಾಸ ಎಲ್ಲ ಬಂತು. ಪೊಲೀಸ್ ಠಾಣೆಯ ಕಡತ ಓದಿದಂತಾಯಿತು, ಭಯ ಬರಲಿಲ್ಲ.

‘ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ವಿಷಯದಲ್ಲಿ ನನ್ನ ಜಗಳ ರಸಿಕರ ಜೊತೆಗೇ. ಹಳೆಯದರಲ್ಲಿ ರಕ್ತ ಹೆಚ್ಚು, ಹೊಸದು ನಾಜೂಕು ಎಂದು ವಾದಿಸುವವರು ಸಿಗುತ್ತಾರೆ. ಇವರು ನಿಜಕ್ಕೂ ಸಿನಿಮಾ ನೋಡಿದ್ದಾರೆಯೇ? 1974ರ ಚಿತ್ರದಲ್ಲಿ ಹುಡುಗಿಯನ್ನು ಕೊಕ್ಕೆಗೆ ಸಿಕ್ಕಿಸುವಾಗ ಕೊಕ್ಕೆ ಮೈಗೆ ಇಳಿಯುವುದು ಕಾಣುವುದೇ ಇಲ್ಲ. 2003ರ ರೀಮೇಕಿನಲ್ಲಿ ಒಬ್ಬನ ಕಾಲು ಕತ್ತರಿಸಿ, ಕೊಕ್ಕೆಗೆ ನೇತುಹಾಕಿ, ಗಾಯಕ್ಕೆ ಉಪ್ಪು ಹಚ್ಚುವವರೆಗೂ ತೋರಿಸಿದ್ದಾರೆ. ಎರಡಕ್ಕೂ ಛಾಯಾಗ್ರಾಹಕ ಒಬ್ಬನೇ, ಡೇನಿಯಲ್ ಪರ್ಲ್. ಅದೇ ಕಣ್ಣು ಮೊದಲ ಸಲ ಮರೆಮಾಡಿದ್ದನ್ನು ಎರಡನೆಯ ಸಲ ಹರವಿಟ್ಟಿತು. ರಕ್ತ ಅಳೆದು ಸಿನಿಮಾ ತೂಗುವವರ ಜೊತೆ ಇನ್ನು ಮುಂದೆ ನಾನು ಮಾತಾಡುವುದಿಲ್ಲ.

ಹಾಗಂತ ಹಳೆಯದನ್ನು ಅಕ್ಷರಶಃ ನಕಲು ಮಾಡಿದರೂ ಉಳಿಗಾಲವಿಲ್ಲ. ಗಸ್ ವ್ಯಾನ್ ಸ್ಯಾಂಟ್ 1998ರಲ್ಲಿ ‘ಸೈಕೋ’ವನ್ನು ಹೆಚ್ಚುಕಡಿಮೆ ಶಾಟಿಗೆ ಶಾಟು ತೆಗೆದ. ಚಿತ್ರಕಥೆ ಅದೇ, ಸಂಗೀತ ಕೊಟ್ಟ ಹರ್ಮನ್‌ನ ಪಿಟೀಲು ಅದೇ. ಜೀವ ಮಾತ್ರ ಇಲ್ಲ. ಹಿಚ್‌ಕಾಕನ 1960ರ ಮೂಲದಲ್ಲೂ ಸೊರಗಿದ ದೃಶ್ಯ ಒಂದೇ: ಕೊನೆಯಲ್ಲಿ ಮನೋವೈದ್ಯ ಬಂದು ಕೊಲೆಗಾರ ನಾರ್ಮನ್ ಯಾಕೆ ಕೊಂದನೆಂದು ಪಾಠ ಒಪ್ಪಿಸುವುದು.

ಹಾಗಾದರೆ ಕಾರಣ ಹೇಳಲೇಬಾರದೆ? ಇದಕ್ಕೆ ಉತ್ತರ ನಮ್ಮ ಸುರಪುರದಲ್ಲೇ ಇದೆ. ಅಲ್ಲಿನ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನಮ್ಮ ಭಾಗದವರಿಗೆಲ್ಲ ಗೊತ್ತು. ಅದನ್ನು ಕಟ್ಟಿಸಿದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ‘ಕನ್ಫೆಷನ್ಸ್ ಆಫ್ ಎ ಠಗ್’ ಎಂಬ ಕಾದಂಬರಿ ಪ್ರಕಟಿಸಿದ್ದ. ಅದರಲ್ಲಿ ಅಮೀರ್ ಅಲಿ ಎಂಬ ಠಗ್ಗ, ಅಂದರೆ ದಾರಿಹೋಕರನ್ನು ಕೊಂದು ದೋಚುವವನು, ತಾನು ರುಮಾಲಿನಿಂದ ಮಾಡಿದ ಕೊಲೆಗಳನ್ನು ತಾನೇ ಹೇಳಿಕೊಳ್ಳುತ್ತಾನೆ. ಅವನಿಗೂ ಬಾಲ್ಯವಿದೆ. ಹೆತ್ತವರನ್ನು ಕೊಂದ ಠಗ್ಗನೇ ಅವನನ್ನು ಮಗನಂತೆ ಸಾಕುತ್ತಾನೆ. ಮುಂದೆ ಅಮೀರ್ ಅಲಿ ಅರಿಯದೆ ತನ್ನ ತಂಗಿಯನ್ನೇ ಕೊಲ್ಲುತ್ತಾನೆ. ಇಲ್ಲಿ ಬಾಲ್ಯದ ಕಥೆ ಕೊಲೆಗೆ ಸಬೂಬು ಕೊಡುವುದಿಲ್ಲ. ಅವನು ಸಾಕುತಂದೆಯನ್ನು ಅಪ್ಪಾ ಎಂದಾಗಲೆಲ್ಲ ಓದುವವನ ಮೈ ಜುಮ್ಮೆನ್ನುತ್ತದೆ. ಸ್ಲ್ಯಾಶರ್ ಎಂಬ ಪ್ರಕಾರ ಹುಟ್ಟುವ ಶತಮಾನ ಮೊದಲೇ ಇದನ್ನು ಸಾಧಿಸಿದ ಟೇಲರನನ್ನು ನಮ್ಮ ಚಿತ್ರಕಥೆ ಬರೆಯುವವರು ಯಾಕೆ ಓದುವುದಿಲ್ಲವೋ!

ಕನ್ನಡದಲ್ಲಿ ಇದೇ ಕೆಲಸ ‘ಆಪ್ತಮಿತ್ರ’ದಲ್ಲಿ ನಡೆದಿದೆ. ಅದು ಸ್ಲ್ಯಾಶರ್ ಅಲ್ಲ, ಆದರೆ ರೀಮೇಕಿನ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಫಾಜಿಲ್ 1993ರಲ್ಲಿ ಮಲಯಾಳದಲ್ಲಿ ತೆಗೆದ ‘ಮಣಿಚಿತ್ರತಾಳ್’ ಅನ್ನು ಪಿ. ವಾಸು 2004ರಲ್ಲಿ ಕನ್ನಡಕ್ಕೆ ತಂದರು. ದೊಡ್ಡ ಹಾವೊಂದನ್ನು ತುರುಕಿದ್ದು ನನಗೆ ಇವತ್ತಿಗೂ ಸೇರಿಲ್ಲ. ಆದರೆ ನಾಯಕಿ ಗಂಗಾಳ ಮನೋರೋಗವನ್ನು ಡಾಕ್ಟರ್ ವಿಜಯ್ ಗಂಡನಿಗೆ ಬಿಡಿಸಿ ಹೇಳಿದ ಮೇಲೆಯೇ ಅವಳು ಮಂಚ ಎತ್ತುವುದು, ಸತ್ತ ನರ್ತಕಿ ನಾಗವಲ್ಲಿಯಾಗಿ ಕುಣಿಯುವುದು. ಕಾರಣ ತಿಳಿದಷ್ಟೂ ಭಯ ಹೆಚ್ಚಿತು. ಮೂಲದ ಶೋಭನಾ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಆ ನೆರಳಿನಿಂದ ಗಂಗಾ ಪಾತ್ರದ ಸೌಂದರ್ಯ ಪೂರ್ತಿ ಹೊರಗೆ ಬಂದರು. ಚಿತ್ರ ಆಗಸ್ಟ್‌ನಲ್ಲಿ ತೆರೆಕಂಡಿತು. ಅವರು ಏಪ್ರಿಲ್‌ನಲ್ಲೇ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ವಿಷ್ಣುವರ್ಧನ್ ರಾಜನಾಗಿ ‘ಹೌಲಾ ಹೌಲಾ’ ಎಂದು ಗರ್ಜಿಸಿದ್ದು ಮೂಲದಲ್ಲಿಲ್ಲ. ಆ ರಾಜ ಮರುವರ್ಷ ತಮಿಳಿನ ‘ಚಂದ್ರಮುಖಿ’ಗೂ ಹೋದ. ‘ಆಪ್ತಮಿತ್ರ’ವನ್ನು ಬರೀ ಕಾಪಿ ಎನ್ನುವವರು ಅದನ್ನೂ ಮೂಲವನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ನೋಡಲಿ.

ರೀಮೇಕ್ ಮಾಡುವವರಿಗೆ ನನ್ನ ಬೇಡಿಕೆ ಇಷ್ಟೇ. ಕೊಲೆಗಾರನ ಬಾಲ್ಯ ಹೇಳುವುದಾದರೆ ಹೇಳಿ; ಅದರಿಂದ ಭಯ ಹೆಚ್ಚುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಹೆಚ್ಚದಿದ್ದರೆ ಆ ಪುಟ ಹರಿದುಹಾಕಿ, ಮುಖವಾಡವನ್ನು ಮುಟ್ಟಬೇಡಿ.