ಕಿಟ್ಟೆಲ್ ಸಾಹೇಬರೂ ಕೆಂಪು ಮಸಿಯೂ

ನನ್ನ ಮೇಜಿನ ಮೇಲೆ ಕಿಟ್ಟೆಲ್ ಸಾಹೇಬರ ನಿಘಂಟು ಇಪ್ಪತ್ತು ವರ್ಷಗಳಿಂದ ಕುಳಿತಿದೆ. ಶಬ್ದದ ಅರ್ಥ ತಿಳಿಯದಾಗ ತೆರೆಯುತ್ತೇನೆ, ತಿಳಿದೊಡನೆ ಮುಚ್ಚುತ್ತೇನೆ. ಅದನ್ನು ಬರೆದ ಪುಣ್ಯಾತ್ಮ ಏತಕ್ಕಾಗಿ ಅಷ್ಟು ಪಾಡುಪಟ್ಟನೆಂದು ನಾನು ಯೋಚಿಸಿದ್ದು ಹೋದ ಮಳೆಗಾಲದಲ್ಲಿ. ಅದೂ ಒಂದು ತಪ್ಪು ಮಾಡಿದ ಮೇಲೆ.

ನಾನು ಪಾಠ ಹೇಳುವುದು ದಾಂಡೇಲಿಯಲ್ಲಿ. ಕಾಗದದ ಗಿರಣಿಯ ಊರು. ನಾನಾ ಕಡೆಯ ಜನ. ಜೋಯಿಡಾದ ಕುಣಬಿಯರ ಕೊಂಕಣಿ, ಗೌಳಿಗರ ಮರಾಠಿ, ಎಲ್ಲವೂ ತರಗತಿಯ ಹಿಂದಿನ ಬೆಂಚಿನಿಂದ ಕೇಳಿಬರುತ್ತವೆ. ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಯರ ಹುಡುಗರೂ ಬರುತ್ತಾರೆ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಕೆಲವರು ಘಟ್ಟದ ಕಾಡಿಗೆ ಓಡಿಬಂದರು; ಇವರು ಅವರ ಮಕ್ಕಳ ಮಕ್ಕಳು. ಇವರ ಮನೆಮಾತು ಕೊಂಕಣಿಯ ಬೇರಿನದು, ಮರಾಠಿಯೂ ಕನ್ನಡವೂ ಬೆರೆತದ್ದು.

ಅಂಥ ಹುಡುಗನೊಬ್ಬ ಮಳೆಗಾಲವನ್ನು ಕುರಿತು ಪ್ರಬಂಧ ಬರೆದ. “ಪಾವಸ ಜೋರಾಗಿ ಬಿತ್ತು” ಎಂದಿತ್ತು. ಕೆಂಪು ಮಸಿಯಲ್ಲಿ ಗೆರೆ ಎಳೆದೆ. ಅಷ್ಟಕ್ಕೇ ಬಿಟ್ಟಿದ್ದರೆ ಮೇಷ್ಟರ ಕೆಲಸವಾಗುತ್ತಿತ್ತು. ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುವಾರದಿಂದ ಹುಡುಗನ ಪತ್ತೆಯಿಲ್ಲ.

ತಿಂಗಳು ಕಳೆದ ಮೇಲೆ ಹಳಿಯಾಳದ ಬಸ್ಸಿನಲ್ಲಿ ಕ್ರೈಸ್ತ ಸನ್ಯಾಸಿನಿಯೊಬ್ಬರ ಪಕ್ಕದಲ್ಲಿ ಸ್ಥಳ ಸಿಕ್ಕಿತು. ಅರವತ್ತು ದಾಟಿದವರು, ಕೇರಳದವರು. ಮಡಿಲಲ್ಲಿ ಔಷಧಿಯ ಚೀಲ. ಮಾತಿಗೆ ಮಾತು ಬಂದು ಹುಡುಗನ ಹೆಸರು ಹೇಳಿದೆ. “ಅವನೇ! ನನ್ನ ಗುರು!” ಎಂದರು. ಚೇಷ್ಟೆಯೆಂದುಕೊಂಡೆ. ಚೀಲದಿಂದ ಒಂದು ನೋಟುಪುಸ್ತಕ ತೆಗೆದರು. ಸಿದ್ದಿಯರ ಮಾತುಗಳು, ಮಲಯಾಳ ಲಿಪಿಯಲ್ಲಿ, ಪುಟ ತುಂಬ. “ಹೊಟ್ಟೆನೋವು ಹೇಳಲಿಕ್ಕೆ ಅವರು ನನ್ನ ಭಾಷೆ ಕಲಿಯಬೇಕೇ? ನೋವು ಅವರದು, ಕಲಿಯುವ ಕಷ್ಟ ನನ್ನದಾಗಲಿ” ಎಂದರು. ಉಪದೇಶದ ದನಿಯಲ್ಲಿ ಅಲ್ಲ, ಚೀಟಿಯ ಚಿಲ್ಲರೆ ಎಣಿಸುತ್ತ.

ಆ ನೋಟುಪುಸ್ತಕ ಕಂಡಾಗ ಕಿಟ್ಟೆಲ್ ಸಾಹೇಬರ ನೆನಪಾಯಿತು. 1853ರಲ್ಲಿ ಬಾಸೆಲ್ ಮಿಷನ್ ಅವರನ್ನು ಕಳಿಸಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ಬಂದದ್ದು ಮತಪ್ರಚಾರಕ್ಕೇ, ಅದನ್ನು ಮರೆಮಾಚುವುದೇಕೆ? ಆದರೆ ಧಾರವಾಡಕ್ಕೆ ಬಂದವರು ಜನರ ಬಾಯ ಮಾತಿಗೆ ಮನಸೋತರು. ಅವರ ಭಾಷೆಯ ಹುಚ್ಚು ಮಿಷನ್ನಿನ ಹಿರಿಯರಿಗೆ ಅಷ್ಟಾಗಿ ರುಚಿಸಲಿಲ್ಲ. ಜರ್ಮನಿಗೆ ಮರಳಿದ ಮೇಲೂ 1883ರಲ್ಲಿ ನಿಘಂಟಿಗಾಗಿ ಮತ್ತೆ ಕಡಲು ದಾಟಿ ಬಂದರು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು: ಸುಮಾರು 70,000 ಶಬ್ದ. ಹಳೆಗನ್ನಡದ ಪಕ್ಕದಲ್ಲೇ ಆಡುಮಾತು, ಗಾದೆ. ಅವರು ಹೊಲದವನ ಮಾತು ಕೇಳಿ ಬರೆದುಕೊಂಡರು; ಅದೇ ನಿಘಂಟಿನ ಮುಂದೆ ಕುಳಿತು ನಾನು ಗೆರೆ ಎಳೆದೆ.

ಬಸ್ಸಿಳಿದು ಕೆಸರಿನಲ್ಲಿ ಒಂದೂವರೆ ಗಂಟೆ ನಡೆದೆವು. ನಾನು ಎರಡು ಸಲ ಜಾರಿದೆ. ಸಿಸ್ಟರ್ ಒಮ್ಮೆಯೂ ಇಲ್ಲ. ಗುಡಿಸಲ ಬಾಗಿಲಲ್ಲಿ ಹುಡುಗನ ತಾಯಿ “ಯಾ, ಬಸಾ” ಎಂದು ಚಾಪೆ ಹಾಸಿದಳು. ಸಿಸ್ಟರ್ ಅವಳ ಊದಿದ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಹುಣ್ಣು ತೊಳೆಯತೊಡಗಿದರು. ಕೀವಿನ ವಾಸನೆಗೆ ನಾನು ಮುಖ ತಿರುಗಿಸಿದೆ. ಅವರಿಬ್ಬರೂ ಯಾವುದೋ ಮಾತಿಗೆ ನಗುತ್ತಿದ್ದರು. ಏನೆಂದು ನನಗೆ ತಿಳಿಯಲಿಲ್ಲ.

ಹುಡುಗ ಗದ್ದೆಯಿಂದ ಬಂದವನು ನನ್ನನ್ನು ಕಂಡು ಬಾಗಿಲಲ್ಲೇ ನಿಂತ. “ತಪ್ಪು ನನ್ನದಪ್ಪಾ” ಎನ್ನಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಗಂಟಲಲ್ಲೇ ಉಳಿಯಿತು. ಸುಮ್ಮನೆ ಸೂರಿನ ನೀರನ್ನು ತೋರಿಸಿ, “ಹೀಗೆ ಹನಿ ಹನಿ ಬೀಳೋದಕ್ಕೆ ನಿಮ್ಮಲ್ಲಿ ಏನಂತಾರೆ?” ಎಂದೆ.

ಆತ ನನ್ನ ಮುಖವನ್ನೇ ನೋಡಿದ. ಅಣಕವೋ ನಿಜವೋ ಎಂದು ಅಳೆಯುತ್ತಿದ್ದನೆಂದು ಕಾಣುತ್ತದೆ. ತಾಯಿ ಒಳಗಿನಿಂದ ಏನೋ ಅಂದಳು. ಆಮೇಲೆ ಹೇಳಿದ. ಜೇಬು ತಡಕಿದೆ, ಸಿಕ್ಕಿದ್ದು ಬಸ್ಸಿನ ಚೀಟಿಯೂ ಕೆಂಪು ಮಸಿಯ ಪೆನ್ನೂ. ಅದರಲ್ಲೇ ಬರೆದುಕೊಂಡೆ.

“ಹಂಗಲ್ಲರೀ ಸರ್,” ಎಂದ ಹುಡುಗ, ಬಗ್ಗಿ ನೋಡಿ. “ಕಡೀ ಅಕ್ಷರ ತಪ್ಪೇತಿ.”