ಹೊರನಾಡಿನಲ್ಲಿ ಮಕ್ಕಳ ಪ್ರೌಢಶಾಲೆ: ಒಂದು ಅನುಭವ, ಕೆಲವು ವಿಚಾರಗಳು

ಉದ್ಯೋಗದ ನಿಮಿತ್ತ ಪರದೇಶದಲ್ಲಿ ನೆಲೆಸಿದ ಕುಟುಂಬಗಳಿಗೆ ಅಲ್ಲಿಯ ಚಳಿ, ಮಳೆ, ಸಂತೆ, ಸಾರಿಗೆ ಎಲ್ಲವೂ ಒಂದೆರಡು ವರ್ಷಗಳಲ್ಲಿ ರೂಢಿಯಾಗಿಬಿಡುತ್ತವೆ. ಆದರೆ ಮಕ್ಕಳಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ಎದುರಾಗುವ ಪ್ರಶ್ನೆಯೊಂದಿದೆ. ಇವರನ್ನು ಮುಂದೆ ಯಾವ ಶಾಲೆಗೆ ಸೇರಿಸಬೇಕು? ಇಲ್ಲಿಯೇ ಓದಿಸಬೇಕೇ, ಊರಿಗೆ ಕಳುಹಿಸಬೇಕೇ? ಇಂಗ್ಲೆಂಡಿನಲ್ಲಿ ನೆಲೆಸಿರುವ ನಾವು ದಂಪತಿಗಳು 2022ರ ಶರತ್ಕಾಲದಲ್ಲಿ ಈ ಪ್ರಶ್ನೆಯನ್ನು ಎದುರಿಸಿದೆವು. ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು, ಮೊಮ್ಮಕ್ಕಳು ಇಂದು ಹೊರದೇಶಗಳಲ್ಲಿರುವುದರಿಂದ, ನಾವು ಕಂಡದ್ದನ್ನು ಓದುಗ ಬಂಧುಗಳ ಮುಂದಿಡುವುದು ಉಪಯುಕ್ತವಾದೀತೆಂದು ಭಾವಿಸಿದ್ದೇವೆ.

ಮೊದಲು ಆ ದೇಶದ ವ್ಯವಸ್ಥೆಯನ್ನು ಸ್ವಲ್ಪ ತಿಳಿಸಬೇಕು. ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಿಕ್ಷಣ ಹನ್ನೊಂದನೆಯ ವಯಸ್ಸಿಗೆ ಮುಗಿಯುತ್ತದೆ. ಆ ಬಳಿಕ 7ನೆಯ ವರ್ಷದ ತರಗತಿಯಿಂದ ಪ್ರೌಢಶಿಕ್ಷಣ ಆರಂಭವಾಗಿ, ಹದಿನಾರನೆಯ ವಯಸ್ಸಿನಲ್ಲಿ ಜಿ.ಸಿ.ಎಸ್.ಇ. ಪರೀಕ್ಷೆ, ಹದಿನೆಂಟರಲ್ಲಿ ಎ-ಲೆವೆಲ್ ಪರೀಕ್ಷೆ ನಡೆಯುತ್ತವೆ. ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಬೋಧನಾ ಶುಲ್ಕವಿಲ್ಲ. ತಂದೆತಾಯಿಯರ ವೀಸಾದ ಆಧಾರದ ಮೇಲೆ ಅವರೊಡನೆ ಬಂದ ಮಕ್ಕಳಿಗೂ ಈ ಸೌಲಭ್ಯವುಂಟು. ಖಾಸಗಿ ಶಾಲೆಗಳಲ್ಲಿ ಓದುವವರು ನೂರಕ್ಕೆ ಸುಮಾರು ಏಳು ಮಕ್ಕಳು ಮಾತ್ರ.

ಸರ್ಕಾರಿ ಶಾಲೆಗಳಲ್ಲಿಯೇ ಎರಡು ಬಗೆ. 1944ರ ಶಿಕ್ಷಣ ಕಾಯಿದೆಯ ಬಳಿಕ ಹನ್ನೊಂದನೆಯ ವಯಸ್ಸಿನಲ್ಲಿ ಪರೀಕ್ಷೆ ನಡೆಸಿ, ಗೆದ್ದವರನ್ನು ಗ್ರಾಮರ್ ಶಾಲೆಗೂ ಉಳಿದವರನ್ನು ಬೇರೆ ಶಾಲೆಗಳಿಗೂ ಕಳುಹಿಸುವ ಪದ್ಧತಿ ದೇಶದಲ್ಲೆಲ್ಲ ಹರಡಿತು. ಎಳೆಯ ಮಕ್ಕಳನ್ನು ಹೀಗೆ ಬೇರ್ಪಡಿಸುವುದು ಸರಿಯಲ್ಲವೆಂದು 1965ರಲ್ಲಿ ಅಂದಿನ ಸರ್ಕಾರವು ಎಲ್ಲರಿಗೂ ಒಂದೇ ಬಗೆಯ ಶಾಲೆಯನ್ನು ಪ್ರೋತ್ಸಾಹಿಸಿತು. 1998ರ ಕಾಯಿದೆಯು ಹೊಸ ಗ್ರಾಮರ್ ಶಾಲೆಗಳನ್ನು ತೆರೆಯುವುದನ್ನೇ ತಡೆಯಿತು. ಹಳೆಯವು 163 ಇಂದಿಗೂ ಉಳಿದಿವೆ. ಕೆಂಟ್, ಲಿಂಕನ್‌ಶೈರ್, ಬಕಿಂಗ್‌ಹ್ಯಾಮ್‌ಶೈರ್ ಮೊದಲಾದ ಜಿಲ್ಲೆಗಳಲ್ಲಿ ಹಳೆಯ ಪದ್ಧತಿ ಈಗಲೂ ಜೀವಂತವಾಗಿದೆ.

ನಾವು ವಾಸಿಸುವುದು ಲಂಡನ್ನಿಗೆ ವಾಯವ್ಯದಲ್ಲಿರುವ ಆ ಬಕಿಂಗ್‌ಹ್ಯಾಮ್‌ಶೈರ್ ಜಿಲ್ಲೆಯಲ್ಲಿ. ಇಲ್ಲಿ ಸೆಪ್ಟೆಂಬರಿನಲ್ಲಿ ಇಲೆವೆನ್ ಪ್ಲಸ್ ಪರೀಕ್ಷೆ ನಡೆಯುತ್ತದೆ. ಭಾಷೆ, ಗಣಿತ, ಚಿತ್ರಾಕೃತಿಗಳ ತರ್ಕ ಇವುಗಳಲ್ಲಿ ಮಕ್ಕಳ ಚುರುಕನ್ನು ಅಳೆದು, ವಯಸ್ಸಿನ ಅಂತರವನ್ನೂ ಸರಿದೂಗಿಸಿ ಅಂಕ ಕೊಡುತ್ತಾರೆ. 121 ಬಂದರೆ ಗ್ರಾಮರ್ ಶಾಲೆಗೆ ಅರ್ಹತೆ. ನಮ್ಮ ಮಗಳಿಗೆ ಬಂದದ್ದು 118.

ಮೂರೇ ಅಂಕಗಳ ಅಂತರ. ಆದರೆ ಆ ಮೂರು ಅಂಕಗಳು ಒಂದು ವಾರ ಕಾಲ ನಮ್ಮ ಮನೆಯ ನಗುವನ್ನೇ ಕಸಿದುಕೊಂಡವು. ಪರಿಚಯದ ಕುಟುಂಬಗಳಿಂದ ಫಲಿತಾಂಶ ವಿಚಾರಿಸುವ ಕರೆಗಳು ಬರತೊಡಗಿದವು. ನಮ್ಮವರಲ್ಲಿ ಈ ಪರೀಕ್ಷೆಗಾಗಿ ಎರಡು ವರ್ಷ ಮೊದಲೇ ಮನೆಪಾಠ ಆರಂಭಿಸುವ ವಾಡಿಕೆಯಿದೆ. ಆದ್ದರಿಂದ ಫಲಿತಾಂಶವು ಮಗುವಿನದಾಗಿ ಉಳಿಯದೆ ಮನೆತನದ ಮರ್ಯಾದೆಯ ವಿಷಯವಾಗಿಬಿಡುತ್ತದೆ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗಳು, "ಅಪ್ಪಾ, ನನ್ನ ಗೆಳತಿಯರೆಲ್ಲ ಅಲ್ಲಿಗೆ ಹೋಗ್ತಾರೆ. ನಾನು ಆ ಶಾಲೆಗೆ ಸಾಲದವಳಾ?" ಎಂದು ಕೇಳಿದಳು. ಶಾಲೆಯ ಆಯ್ಕೆಯೆಂಬುದು ಕಟ್ಟಡ, ಅಂಕಪಟ್ಟಿಗಳ ವಿಷಯವಷ್ಟೇ ಅಲ್ಲ, ಮಗು ತನ್ನನ್ನು ತಾನು ಏನೆಂದು ತಿಳಿದುಕೊಳ್ಳುತ್ತದೆ ಎಂಬುದೂ ಅದರಲ್ಲಿ ಅಡಗಿದೆ ಎಂಬುದನ್ನು ಆ ಮಾತು ನಮ್ಮ ಮುಂದೆ ತಂದಿಟ್ಟಿತು. ಒಂದು ಮುಂಜಾನೆಯ ಪರೀಕ್ಷೆ ಅವಳ ಬುದ್ಧಿಯನ್ನಾಗಲಿ ಗುಣವನ್ನಾಗಲಿ ತೂಗಲಾರದೆಂದು ಹೇಳಿದೆವು. ಹೇಳಿದರೆ ಸಾಲದು, ಅದನ್ನು ನಮ್ಮ ನಡೆಯಿಂದ ತೋರಿಸಬೇಕೆಂದು ನಿರ್ಧರಿಸಿದೆವು.

ಶಾಲೆಯ ಅರ್ಜಿಗೆ ಅಕ್ಟೋಬರ್ 31 ಕಡೆಯ ದಿನ. ಎರಡು ವಾರಗಳಷ್ಟೇ ಉಳಿದಿದ್ದವು. ಆಗ ಧಾರವಾಡದಿಂದ ಮಗಳ ಅಜ್ಜನ ಕರೆ ಬಂತು. ಅವರು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವರು. "ಮೊಮ್ಮಗಳನ್ನ ಇಲ್ಲಿ ಬಿಡ್ರಿ. ನಾವಿಬ್ಬರೂ ಗಟ್ಟಿ ಇದ್ದೇವಿ. ಚಲೋ ಸಾಲಿ ಅದಾವ, ಕನ್ನಡಾನೂ ಬರತೈತಿ" ಎಂದರು. ಹಿರಿಯರ ಮಾತು, ಅದರ ಹಿಂದೆ ಪ್ರೀತಿಯೂ ಇತ್ತು, ವಿಚಾರವೂ ಇತ್ತು. ಅದನ್ನು ನಾವು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಮ್ಮ ಮುಂದಿದ್ದ ದಾರಿಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಒಂದೊಂದಾಗಿ ತೂಗಿ ನೋಡಿದೆವು.

ಊರಿಗೆ ಕಳುಹಿಸುವುದು ಮೊದಲನೆಯ ದಾರಿ. ಅಜ್ಜ ಅಜ್ಜಿಯರ ಮಡಿಲು, ಭಾಷೆ, ಬಂಧುಬಳಗ ಇವು ಅದರ ಲಾಭ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶ ಪರೀಕ್ಷೆಯ ಮುಖ್ಯ ನಿಯಮದಂತೆ, ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯವರೆಗಿನ ಅವಧಿಯಲ್ಲಿ ಏಳು ವರ್ಷ ರಾಜ್ಯದಲ್ಲಿ ಓದಿದವರಿಗೆ ಸರ್ಕಾರಿ ಸೀಟಿನ ಅರ್ಹತೆ ದೊರೆಯುತ್ತದೆ. ಹನ್ನೊಂದನೆಯ ವಯಸ್ಸಿನಲ್ಲಿ ಹೋದರೆ ಈ ಏಳು ವರ್ಷಗಳ ಲೆಕ್ಕ ಸರಿಹೋಗಬಹುದು, ತಡವಾದರೆ ಹೋಗದು. ಇನ್ನೊಂದು ಕಡೆ, ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಸ್ಥಳೀಯರ ಶುಲ್ಕ ಸಿಗಬೇಕಾದರೆ ಸಾಮಾನ್ಯವಾಗಿ ಕಾಯಂ ವಾಸದ ಹಕ್ಕಿನೊಡನೆ, ಕೋರ್ಸಿಗೆ ಮುಂಚಿನ ಮೂರು ವರ್ಷ ಆ ದೇಶದಲ್ಲಿ ವಾಸವಾಗಿರಬೇಕು. ಸ್ಥಳೀಯರಿಗೆ 2025-26ರಲ್ಲಿ ವರ್ಷದ ಗರಿಷ್ಠ ಶುಲ್ಕ 9,535 ಪೌಂಡು. ಹೊರದೇಶದವರು ಅದರ ಎರಡು ಮೂರು ಪಟ್ಟು ತೆರಬೇಕಾಗುವುದು ಸಾಮಾನ್ಯ. ಆದ್ದರಿಂದ ಮಗುವನ್ನು ಕಳುಹಿಸುವವರು ಆರು ಏಳು ವರ್ಷ ಮುಂದಿನ ಮಾತನ್ನೂ ಇಂದೇ ಯೋಚಿಸಬೇಕಾಗುತ್ತದೆ. ಆದರೆ ಲೆಕ್ಕಾಚಾರಕ್ಕಿಂತ ನಮ್ಮನ್ನು ತಡೆದದ್ದು ಮತ್ತೊಂದು ಸಂಗತಿ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಕೂಡಲೇ ತಂದೆತಾಯಿಯರಿಂದ ದೂರ ಕಳುಹಿಸಿದರೆ, "ಸಾಲದವಳು" ಎಂಬ ಮಾತಿಗೆ ನಾವೇ ಮುದ್ರೆಯೊತ್ತಿದಂತೆ ಆಗುತ್ತಿತ್ತು.

ಎರಡನೆಯದು ಖಾಸಗಿ ಶಾಲೆ. ದಿನದ ಶಾಲೆಗೇ ಸರಾಸರಿ ಶುಲ್ಕ ವರ್ಷಕ್ಕೆ 15,000 ಪೌಂಡಿಗೂ ಹೆಚ್ಚು. 2025ರ ಜನವರಿ 1ರಿಂದ ಅದರ ಮೇಲೆ ನೂರಕ್ಕೆ 20ರಷ್ಟು ವ್ಯಾಟ್ ತೆರಿಗೆಯೂ ಬಿದ್ದಿದೆ. ಏಳು ವರ್ಷ ಈ ಹೊರೆಯನ್ನು ಹೊತ್ತರೆ ಚಿಕ್ಕ ಮಗನ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. ಒಬ್ಬ ಮಗುವಿನ ಶಾಲೆ ಇನ್ನೊಬ್ಬ ಮಗುವಿನ ಅವಕಾಶವನ್ನು ನುಂಗಬಾರದೆಂಬುದು ನಮ್ಮ ಮನೆಯ ತೀರ್ಮಾನ.

ಮೂರನೆಯದು, ಅಂಕವನ್ನು ಮರುಪರಿಶೀಲಿಸುವಂತೆ ಕೋರುವುದು. ಶಾಲಾ ದಾಖಲೆ, ಮುಖ್ಯಾಧ್ಯಾಪಕರ ಅಭಿಪ್ರಾಯಗಳೊಡನೆ ಒಂದು ಮಂಡಳಿಯ ಮುಂದೆ ಬೇಡಿಕೆಯಿಡಲು ಅವಕಾಶವಿದೆ. ಅನಾರೋಗ್ಯ, ಮನೆಯಲ್ಲಿ ಸಾವು ಇಂಥ ಬಲವಾದ ಕಾರಣವುಳ್ಳವರು ಇದನ್ನು ಅವಶ್ಯವಾಗಿ ಬಳಸಿಕೊಳ್ಳಬೇಕು. ನಮಗೆ ಅಂಥ ಕಾರಣವಿರಲಿಲ್ಲ. ನಾಲ್ಕನೆಯದು, ಊರಿನ ಸಾಮಾನ್ಯ ಪ್ರೌಢಶಾಲೆ. ಅದು ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ಅದರ ಬಗ್ಗೆ ಕೇಳಿದ ಮಾತುಗಳನ್ನು ಬದಿಗಿಟ್ಟು ಕಣ್ಣಾರೆ ನೋಡಿಬರಲು ಹೊರಟೆವು.

ಪ್ರವೇಶಕ್ಕೆ ಮುನ್ನ ಪ್ರತಿಯೊಂದು ಶಾಲೆಯೂ ಒಂದು ಸಂಜೆ ಪೋಷಕರಿಗೆ ಬಾಗಿಲು ತೆರೆಯುತ್ತದೆ. ಆ ಸಂಜೆ ಎಲ್ಲವೂ ಅಲಂಕಾರದಿಂದ ಕೂಡಿರುತ್ತದೆ. ಆದ್ದರಿಂದ ನಾವು ಅನುಮತಿ ಪಡೆದು, ಪಾಠ ನಡೆಯುವ ಒಂದು ಬೆಳಿಗ್ಗೆ ಮತ್ತೊಮ್ಮೆ ಹೋದೆವು. ಗಣಿತ, ವಿಜ್ಞಾನಗಳಿಗೆ ಆಯಾ ವಿಷಯವನ್ನೇ ಓದಿದ ಅಧ್ಯಾಪಕರಿದ್ದಾರೆಯೇ, ಅವರು ಎಷ್ಟು ವರ್ಷದಿಂದ ಇದ್ದಾರೆ, ಮುಂದಿರುವ ಮಕ್ಕಳಿಗೂ ಹಿಂದಿರುವ ಮಕ್ಕಳಿಗೂ ಏನು ವ್ಯವಸ್ಥೆ, ಪೀಡಿಸುವ ಮಕ್ಕಳ ಬಗ್ಗೆ ಯಾರು ಕ್ರಮ ಕೈಗೊಳ್ಳುತ್ತಾರೆ, ವಿಜ್ಞಾನವನ್ನು ಮೂರು ಪ್ರತ್ಯೇಕ ವಿಷಯಗಳಾಗಿ ಓದಲು ಅವಕಾಶವಿದೆಯೇ ಎಂದು ವಿಚಾರಿಸಿದೆವು. ಆಫ್‌ಸ್ಟೆಡ್ ಎಂಬ ಸರ್ಕಾರಿ ತಪಾಸಣಾ ಸಂಸ್ಥೆಯ ವರದಿಯನ್ನೂ ಓದಿದೆವು. ಆ ಸಂಸ್ಥೆಯು ಆಗ ಒಂದೇ ಪದದಲ್ಲಿ ಶಾಲೆಗೆ ದರ್ಜೆ ಕೊಡುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರಿ ಶಾಲೆಗಳ ಮಟ್ಟಿಗೆ ಆ ಪದ್ಧತಿಯನ್ನು ಕೈಬಿಡಲಾಯಿತು. ಶಾಲೆಯ ಪರಿಚಯವನ್ನು ನಮಗೆ ಮಾಡಿಕೊಟ್ಟವರು ಇಬ್ಬರು ವಿದ್ಯಾರ್ಥಿಗಳು. ಮುಖ್ಯಾಧ್ಯಾಪಕರ ಭಾಷಣಕ್ಕಿಂತ, ಗ್ರಂಥಾಲಯದ ಬಾಗಿಲಲ್ಲಿ ನಿಂತು ಆ ಮಕ್ಕಳು ನಿರ್ಭಯವಾಗಿ ಆಡಿದ ಮಾತು ನಮಗೆ ಹೆಚ್ಚಿನದನ್ನು ತಿಳಿಸಿತು.

ನಮ್ಮ ಮನೆಗೆ ಸಂಬಂಧಿಸಿದ ಎರಡು ವಿಷಯಗಳನ್ನೂ ಕೇಳಿದೆವು. ಒಂದು, ಆಹಾರ. ಇಂಗ್ಲೆಂಡಿನಲ್ಲಿ ಸಸ್ಯಾಹಾರವೆಂದರೆ ಮೊಟ್ಟೆಯೂ ಸೇರಿರುತ್ತದೆ. ಆದ್ದರಿಂದ ಮೊಟ್ಟೆಯೂ ಬೇಡವೆಂದು ಸ್ಪಷ್ಟವಾಗಿ ಬರೆದುಕೊಡಬೇಕು, ಇಲ್ಲವೇ ಬುತ್ತಿ ಕಟ್ಟಿಕೊಡಬೇಕು. ಇನ್ನೊಂದು, ಇಷ್ಟಲಿಂಗ. ಅನೇಕ ಶಾಲೆಗಳ ಸಮವಸ್ತ್ರದ ನಿಯಮದಲ್ಲಿ ಕೊರಳಿಗೆ ಏನನ್ನೂ ಧರಿಸಬಾರದೆಂದು ಇರುತ್ತದೆ. 2008ರಲ್ಲಿ ವೇಲ್ಸಿನ ಸಿಖ್ ಬಾಲಕಿಯೊಬ್ಬಳಿಗೆ ಕಡಗ ಧರಿಸದಂತೆ ಶಾಲೆಯು ತಡೆದಾಗ, ಅದು ಕಾನೂನಿಗೆ ವಿರುದ್ಧವಾದ ತಾರತಮ್ಯವೆಂದು ಹೈಕೋರ್ಟು ತೀರ್ಪು ನೀಡಿತ್ತು. ನಾವು ನ್ಯಾಯಾಲಯದ ಮಾತೆತ್ತದೆ, ಇದು ಆಭರಣವಲ್ಲವೆಂದು ವಿವರಿಸಿ ವಿನಯದಿಂದ ಒಂದು ಪತ್ರ ಬರೆದೆವು. ಅಂಗಿಯ ಒಳಗೆ ಧರಿಸಲು ಒಪ್ಪಿ, ಆಟದ ಹೊತ್ತಿನಲ್ಲಿ ಜೋಪಾನ ಮಾಡಿಡುವ ವ್ಯವಸ್ಥೆಯನ್ನೂ ಶಾಲೆಯವರು ತಿಳಿಸಿದರು. ಮೊದಲೇ ತಿಳಿಹೇಳಿದರೆ ಜಗಳಕ್ಕೆ ಎಡೆಯಿರುವುದಿಲ್ಲ.

ಅರ್ಜಿ ತುಂಬುವ ಕ್ರಮದಲ್ಲಿಯೂ ಒಂದು ಸೂಕ್ಷ್ಮವಿದೆ. ಪ್ರದೇಶಕ್ಕೆ ತಕ್ಕಂತೆ ಕನಿಷ್ಠ ಮೂರು ಶಾಲೆಗಳನ್ನು, ಲಂಡನ್ನಿನಲ್ಲಿ ಆರರವರೆಗೆ, ಇಷ್ಟದ ಅನುಕ್ರಮದಲ್ಲಿ ಬರೆಯಬಹುದು. ನಾವು ಎಷ್ಟನೆಯ ಸ್ಥಾನದಲ್ಲಿ ಬರೆದಿದ್ದೇವೆಂಬುದನ್ನು ನೋಡಿ ಶಾಲೆಯು ಸೀಟು ಕೊಡುವಂತಿಲ್ಲ. ಒಡಹುಟ್ಟಿದವರು ಅಲ್ಲಿದ್ದಾರೆಯೇ, ಮನೆ ಎಷ್ಟು ದೂರ ಮುಂತಾದ ಪ್ರಕಟಿತ ನಿಯಮಗಳಂತೆಯೇ ತೀರ್ಮಾನವಾಗುತ್ತದೆ. ಆದ್ದರಿಂದ ಮನಸ್ಸಿಗೆ ಒಪ್ಪಿದ್ದನ್ನು ಧೈರ್ಯವಾಗಿ ಮೊದಲು ಬರೆದು, ಖಚಿತವಾಗಿ ಸಿಗುವ ಹತ್ತಿರದ ಶಾಲೆಯೊಂದನ್ನೂ ಪಟ್ಟಿಯಲ್ಲಿ ಸೇರಿಸಬೇಕು. ಒಂದೇ ಶಾಲೆಯನ್ನು ಬರೆದರೆ ಅದೇ ಸಿಕ್ಕೀತೆಂಬ ನಂಬಿಕೆಗೆ ಆಧಾರವಿಲ್ಲ. ಮಾರ್ಚ್ 1ರಂದು ಫಲಿತಾಂಶ ಬರುತ್ತದೆ. ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶವುಂಟು.

ನಾವು ನಡೆದು ಹೋಗುವ ಶಾಲೆಯನ್ನೇ ಮೊದಲು ಬರೆದೆವು, ಅದೇ ದೊರೆಯಿತು. ಮಗಳು 2023ರ ಸೆಪ್ಟೆಂಬರಿನಲ್ಲಿ ಸೇರಿದಳು. ಮೊದಲ ಮೂರು ತಿಂಗಳು ಮೌನವಾಗಿದ್ದವಳು, ವಿಜ್ಞಾನದ ಅಧ್ಯಾಪಕಿಯೊಬ್ಬರ ಪ್ರೋತ್ಸಾಹದಿಂದ ಮೆಲ್ಲನೆ ಅರಳಿದಳು. 2024ರ ಬೇಸಿಗೆಯಲ್ಲಿ ಧಾರವಾಡದಿಂದ ಅಜ್ಜ ಬಂದರು. ಶಾಲೆಯ ಬಗ್ಗೆ ಅವರು ನಮ್ಮನ್ನು ಏನೂ ಕೇಳಲಿಲ್ಲ. ಮೊಮ್ಮಗಳ ನೋಟುಪುಸ್ತಕಗಳನ್ನು ತರಿಸಿಕೊಂಡು, ಕನ್ನಡಕ ಏರಿಸಿ, ಒಂದು ಮಧ್ಯಾಹ್ನವೆಲ್ಲ ತಿರುವಿ ಹಾಕಿದರು. ಕಡೆಗೆ, "ಮಾಸ್ತರು ಪುಟಪುಟಾನೂ ಓದಿ ತಿದ್ಯಾರ. ಇಷ್ಟು ಸಾಕು ಬಿಡು" ಎಂದರು. ಮೂವತ್ತು ವರ್ಷ ಮಕ್ಕಳ ಪುಸ್ತಕ ತಿದ್ದಿದವರ ಆ ಮಾತು ನಮಗೆ ಯಾವ ತಪಾಸಣಾ ವರದಿಗಿಂತಲೂ ಹಿರಿದಾಗಿ ತೋರಿತು.

ಕನ್ನಡದ ಕೊರತೆ ಮಾತ್ರ ಉಳಿದೇ ಇದೆ. ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಭಾಷೆಗಳಲ್ಲಿ ಜಿ.ಸಿ.ಎಸ್.ಇ. ಪರೀಕ್ಷೆಯುಂಟು, ಕನ್ನಡಕ್ಕಿಲ್ಲ. ಆದ್ದರಿಂದ ಶಾಲೆಯಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಮನೆಯೇ ಕನ್ನಡ ಶಾಲೆಯಾಗಬೇಕು. ಪ್ರತಿ ಭಾನುವಾರ ಮಗಳು ಅಜ್ಜನಿಗೆ ಕನ್ನಡದಲ್ಲಿ ಒಂದು ಪುಟದ ಪತ್ರ ಬರೆಯುತ್ತಾಳೆ. ಅಜ್ಜ ಕೆಂಪು ಶಾಯಿಯಲ್ಲಿ ತಿದ್ದಿ, ಅದರ ಚಿತ್ರ ತೆಗೆದು ಮೊಬೈಲಿನಲ್ಲಿ ಕಳುಹಿಸುತ್ತಾರೆ. ಧಾರವಾಡಕ್ಕೆ ಹೋಗದಿದ್ದರೂ ಅವಳಿಗೆ ಧಾರವಾಡದ ಮಾಸ್ತರು ತಪ್ಪಲಿಲ್ಲ.

ಹಾದಿ ಇನ್ನೂ ಮುಗಿದಿಲ್ಲ. ಹದಿನಾಲ್ಕರ ಹೊತ್ತಿಗೆ ಜಿ.ಸಿ.ಎಸ್.ಇ. ವಿಷಯಗಳನ್ನು ಆರಿಸಬೇಕು. ಮುಂದೆ ಭಾರತದಲ್ಲಿ ವೈದ್ಯಕೀಯ ಓದುವ ಆಸೆಯಿದ್ದರೆ ನೀಟ್ ಪರೀಕ್ಷೆಗೆ ಬೇಕಾದ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಎ-ಲೆವೆಲ್‌ನಲ್ಲಿ ಬಿಡುವಂತಿಲ್ಲ. ಅಲ್ಲಿ ಮೂರೇ ವಿಷಯ ಓದುವವರು ಹೆಚ್ಚಾದ್ದರಿಂದ ಈ ಎಚ್ಚರ ಅವಶ್ಯ. ಹದಿನಾರರಲ್ಲಿ, ಜಿ.ಸಿ.ಎಸ್.ಇ. ಅಂಕಗಳ ಮೇಲೆ, ಗ್ರಾಮರ್ ಶಾಲೆಗಳೂ ಹೊಸ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ಹನ್ನೊಂದರಲ್ಲಿ ಮುಚ್ಚಿದ ಬಾಗಿಲು ಎಂದೆಂದಿಗೂ ಮುಚ್ಚಿರುವುದಿಲ್ಲ ಎಂಬುದನ್ನು ತಂದೆತಾಯಿಯರು ನೆನಪಿಡಬೇಕು. ಅಲ್ಲಿಗೆ ಹೋಗಬೇಕೋ ಬೇಡವೋ ಎಂಬುದನ್ನು ಆಗ ಮಗಳೇ ತೀರ್ಮಾನಿಸಲಿ ಎಂಬುದು ನಮ್ಮ ಇಚ್ಛೆ.

ಹೊರನಾಡಿನಲ್ಲಿರುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮಗುವಿಗೆ ಒಂಬತ್ತು ತುಂಬಿದಾಗಲೇ ನಿಮ್ಮ ಪ್ರದೇಶದ ನಿಯಮಗಳನ್ನು ಓದಿರಿ. ವೀಸಾ, ಶುಲ್ಕಗಳ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ನಂಬಿರಿ. ನೆರೆಹೊರೆಯವರ ಮಾತಿಗಿಂತ ನಿಮ್ಮ ಕಣ್ಣು ಕಂಡದ್ದಕ್ಕೆ ಬೆಲೆ ಕೊಡಿರಿ. ಊರಿನಲ್ಲಿರುವ ಹಿರಿಯರಲ್ಲಿಯೂ ಒಂದು ಮಾತು: ದೂರದ ಮೊಮ್ಮಕ್ಕಳಿಗೆ ಫೋನು ಮಾಡಿದಾಗ ಎಷ್ಟು ಅಂಕ ಬಂತೆಂದು ಕೇಳುವ ಮುನ್ನ, ಇಂದು ಶಾಲೆಯಲ್ಲಿ ಏನು ಕಲಿತೆ ಎಂದು ಕೇಳಿರಿ. ಮಕ್ಕಳು ಆ ಪ್ರಶ್ನೆಗೆ ಸಂತೋಷದಿಂದ ಉತ್ತರ ಕೊಡುವಂತಿದ್ದರೆ, ಅವರ ಶಾಲೆ ಒಳ್ಳೆಯದೇ ಎಂದು ತಿಳಿಯಬಹುದು.