ಒಂದಕ್ಕೆ ಎಪ್ಪತ್ತೆರಡು

ಪುಣೆಯಲ್ಲಿ ನಮ್ಮವರು ಏನು ಮಾಡಿಕೊಂಡಿದ್ದಾರೆ ಎಂದು ಊರ ಕಡೆ ಹೋದಾಗ ಕೇಳುತ್ತಾರೆ. ಬೇಕಾದಷ್ಟು ಮಾಡಿಕೊಂಡಿದ್ದಾರೆ. ಉಡುಪಿ ಕಡೆಯವರು ಹೋಟೆಲು ನಡೆಸುತ್ತಾರೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದವರು ಏಳುತ್ತಿರುವ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಾರೆ. ಗಣೇಶನಗರದ ಕನ್ನಡ ಸಂಘ ಕಾವೇರಿ ಹೆಸರಿನಲ್ಲಿ ಶಾಲೆಗಳನ್ನು ನಡೆಸುತ್ತದೆ. ನನ್ನಂಥವರು ಹಿಂಜವಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಯಾವುದೋ ದೇಶದ ಯಾವುದೋ ಬ್ಯಾಂಕಿನ ಲೆಕ್ಕ ಸರಿಮಾಡುತ್ತೇವೆ. ಇದೆಲ್ಲ ಹೊಟ್ಟೆಪಾಡು. ಅದರಾಚೆ ನನಗೊಂದು ಹುಚ್ಚಿದೆ. ಭಾನುವಾರ ಬಾಲ್ಕನಿಯಲ್ಲಿ ಕೂತು ಆಕಾಶನೌಕೆ ಕಟ್ಟುತ್ತೇನೆ.

ಇಸ್ರೋದ ರಾಕೆಟ್ಟು ಅಂದುಕೊಳ್ಳಬೇಡಿ. ಅದಾದರೆ ಹೇಳಿಕೊಳ್ಳಲು ಗೌರವವಾದರೂ ಇರುತ್ತಿತ್ತು. ನಾನು ಕಟ್ಟುವುದು ಟಿವಿಯ ನಗೆ ಧಾರಾವಾಹಿಗಳಲ್ಲಿ ಹಾರಿದ ನೌಕೆಗಳನ್ನು.

ಎಂಬತ್ತರ ದಶಕದಲ್ಲಿ ದೂರದರ್ಶನ 'ಸ್ಟಾರ್ ಟ್ರೆಕ್' ತೋರಿಸಿತು. ಆಮೇಲೆ ನಮ್ಮವರೇ ಮಾಡಿದ 'ಸ್ಪೇಸ್ ಸಿಟಿ ಸಿಗ್ಮಾ' ಬಂತು. ನಮ್ಮೂರಿನ ಶಾಲಾ ಮಾಸ್ತರರ ಮನೆಯಲ್ಲಿ ಮಾತ್ರ ಟಿವಿ ಇದ್ದದ್ದು. ಭಾಷೆ ಅರ್ಧ ತಿಳಿಯುತ್ತಿರಲಿಲ್ಲ, ನೌಕೆ ಪೂರ್ತಿ ತಿಳಿಯುತ್ತಿತ್ತು. ಮನೆಗೆ ಬಂದು ಕಡ್ಡಿಪೆಟ್ಟಿಗೆ ಜೋಡಿಸಿ ಅದನ್ನೇ ಮಾಡುತ್ತಿದ್ದೆವು. ಹುಚ್ಚಿನ ಬೀಜ ಅಲ್ಲಿಯದು.

ಅದು ಮೊಳೆತದ್ದು 2006ರಲ್ಲಿ, ಕಂಪನಿ ನನ್ನನ್ನು ಎಂಟು ತಿಂಗಳು ಇಂಗ್ಲೆಂಡಿನ ರೆಡಿಂಗ್ ಊರಿಗೆ ಕಳಿಸಿದಾಗ. ಸಂಜೆ ನಾಲ್ಕಕ್ಕೇ ಕತ್ತಲಾಗುವ ಚಳಿಗಾಲ. ಮಹಡಿಯ ಮೇಲಿದ್ದ ಬಾಡಿಗೆದಾರ ನನ್ನ ಮುಖ ನೋಡಿ ಮರುಗಿ 'ರೆಡ್ ಡ್ವಾರ್ಫ್' ಎಂಬ ಧಾರಾವಾಹಿಯ ಡಿವಿಡಿಗಳನ್ನು ಕೊಟ್ಟ. ಬಿಬಿಸಿ 2ರಲ್ಲಿ 1988ರ ಫೆಬ್ರವರಿಯಲ್ಲಿ ಶುರುವಾದದ್ದು, ರಾಬ್ ಗ್ರಾಂಟ್ ಮತ್ತು ಡಗ್ ನೇಲರ್ ಬರೆದದ್ದು. ಕತೆ ಇಷ್ಟೇ: ಒಂದು ಗಣಿ ಕಂಪನಿಯ ದೊಡ್ಡ ಕೆಂಪು ಹಡಗು. ಅದರಲ್ಲಿ ಲಿಸ್ಟರ್ ಎಂಬ ಕೆಳದರ್ಜೆಯ ನೌಕರ. ಕದ್ದು ಬೆಕ್ಕು ತಂದ ತಪ್ಪಿಗೆ ಅವನನ್ನು ಕಾಲವೇ ನಿಂತುಹೋಗುವ ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಅಷ್ಟರಲ್ಲಿ ವಿಕಿರಣ ಸೋರಿ ಉಳಿದವರೆಲ್ಲ ಸಾಯುತ್ತಾರೆ. ಇವನು ಎದ್ದು ಹೊರಗೆ ಬರುವಾಗ ಮೂವತ್ತು ಲಕ್ಷ ವರ್ಷ ಕಳೆದಿದೆ. ಜೊತೆಗೆ ಯಾರು? ಸತ್ತುಹೋದ ರೂಮ್‌ಮೇಟಿನ ಬೆಳಕಿನ ರೂಪ, ಬೆಕ್ಕಿನ ವಂಶದಿಂದ ವಿಕಾಸಗೊಂಡ ಒಬ್ಬ ಷೋಕಿಲಾಲ, ಮುಂದೆ ಒಂದು ಯಂತ್ರಮಾನವ. ಇವನಿಗೆ ಬೇಕಾದದ್ದು ಎರಡೇ: ಭೂಮಿಗೆ ವಾಪಸು ಹೋಗಬೇಕು ಮತ್ತು ಊಟಕ್ಕೆ ವಿಂದಾಲೂ ಇರಬೇಕು.

ವಿಂದಾಲೂ ಕೇಳಿ ನಾನು ಎದ್ದು ಕೂತೆ. ಪೋರ್ಚುಗೀಸರು ಗೋವಾಕ್ಕೆ ತಂದ ಅಡುಗೆ, ಗೋವಾದವರು ಅದಕ್ಕೆ ಮೆಣಸಿನಕಾಯಿ ಅರೆದರು, ಸಿಲ್ಹೆಟ್ಟಿನಿಂದ ಹೋದ ಬಂಗಾಳಿಗಳು ಇಂಗ್ಲೆಂಡಿನ ಗಲ್ಲಿಗಲ್ಲಿಯ ಹೋಟೆಲುಗಳಲ್ಲಿ ಬೇರೆಯದೇ ರೀತಿಯಲ್ಲಿ ಬಡಿಸಿದರು. ಈಗ ಬ್ರಹ್ಮಾಂಡದ ಕೊನೆಯ ಮನುಷ್ಯ ಅದಕ್ಕೆ ಬಾಯಿ ಬಿಡುತ್ತಿದ್ದಾನೆ. ದಾರಿಯಲ್ಲಿ ಆ ಅಡುಗೆಯನ್ನು ಮುಟ್ಟಿದವರೆಲ್ಲ ಊರು ಬಿಟ್ಟವರೇ.

ನಗೆಯ ಮಾತು ಬಿಡಿ, ನೌಕೆಗಳನ್ನು ಮಾತ್ರ ಅವರು ನಗುತ್ತಾ ಮಾಡಿರಲಿಲ್ಲ. ಬಿಬಿಸಿಯ ವಿಷುಯಲ್ ಎಫೆಕ್ಟ್ಸ್ ವಿಭಾಗದ ಪೀಟರ್ ರ‍್ಯಾಗ್ ಅರವತ್ತರ ದಶಕದಲ್ಲಿ 'ಥಂಡರ್‌ಬರ್ಡ್ಸ್' ಎಂಬ ಗೊಂಬೆ ಧಾರಾವಾಹಿಯಲ್ಲಿ ಪಳಗಿದವರು. ಅವರ ತಂಡ ಮಾಡಿದ ಮಾದರಿಗಳಲ್ಲಿ ಮಸಿ ಇದೆ, ತುಕ್ಕಿದೆ, ಸವೆತವಿದೆ. ಹಡಗು ನಿಜವೆನಿಸಿದರೆ ಮಾತ್ರ ಅದರೊಳಗಿನ ಪೆದ್ದತನಕ್ಕೆ ನಗು ಬರುತ್ತದೆ. ನಮ್ಮ ದೊಡ್ಡಾಟದಲ್ಲಿ ಸಾರಥಿ ಎಷ್ಟೇ ನಗಿಸಲಿ, ರಾಜನ ಕಿರೀಟ ಕಿರೀಟದ ಹಾಗೇ ಇರಬೇಕಲ್ಲ, ಹಾಗೆ. 1998ರಲ್ಲಿ ಮೊದಲ ಮೂರು ಸರಣಿಗಳಿಂದ ಈ ಮಾದರಿಗಳನ್ನು ತೆಗೆದು ಕಂಪ್ಯೂಟರ್ ಚಿತ್ರ ಹಾಕಿದರು. ಅಭಿಮಾನಿಗಳು ಒಪ್ಪಲಿಲ್ಲ. 2012ರಲ್ಲಿ ಹತ್ತನೆಯ ಸರಣಿ ಬಂದಾಗ ಕೈಯಿಂದ ಮಾಡಿದ ಮಾದರಿಗಳೇ ಮರಳಿ ಬಂದವು. ಕಂಪ್ಯೂಟರಿನಲ್ಲೇ ಜೀವ ತೇಯುವ ನನಗೆ ಇದು ಬಹಳ ಸಮಾಧಾನ ಕೊಟ್ಟ ಸಂಗತಿ.

ಪುಣೆಗೆ ಮರಳಿದ ಮೇಲೆ ಕೆಲಸ ಶುರು ಮಾಡಿದೆ. ಸಣ್ಣ ಮಾದರಿ ಮಾಡುವವರಿಗೆ ಮೊದಲ ಪ್ರಶ್ನೆ ಸ್ಕೇಲಿನದು. ವಿಮಾನದ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:72, ಅಂದರೆ ನಿಜದ ಎಪ್ಪತ್ತೆರಡು ಮಿಲಿಮೀಟರ್ ಇಲ್ಲಿ ಒಂದು. ಮನುಷ್ಯ ಸುಮಾರು 24 ಮಿಲಿಮೀಟರ್ ಎತ್ತರ ಆಗುತ್ತಾನೆ, ಒಂದು ಕಡಲೆಬೀಜದ ಕಾಯಿಯಷ್ಟು. ಆ ಕೆಂಪು ಹಡಗು ಮೈಲುಗಟ್ಟಲೆ ಉದ್ದ. ಐದೇ ಮೈಲು ಅಂತ ಹಿಡಿದರೂ ಈ ಸ್ಕೇಲಿನಲ್ಲಿ 112 ಮೀಟರ್ ಆಗುತ್ತದೆ, ನಮ್ಮ ಸೊಸೈಟಿಯ ಗೇಟು ದಾಟಿ ರಸ್ತೆಗೆ ಬರುತ್ತದೆ. ಹಾಗಾಗಿ ಅದರ ಜೊತೆಗಿನ ಸಣ್ಣ ನೌಕೆ 'ಸ್ಟಾರ್‌ಬಗ್' ಹಿಡಿದೆ. 1989ರ ಮೂರನೆಯ ಸರಣಿಯಲ್ಲಿ ಬಂದದ್ದು. ಹಸಿರು ಬಣ್ಣ, ಒಂದರ ಹಿಂದೊಂದು ಉಬ್ಬಿದ ಮೂರು ಉಂಡೆ, ಕೆಳಗೆ ಕಾಲು. ಎಲ್ಲಿ ಇಳಿದರೂ ಬೀಳುವುದು ಅದರ ಜಾತಕ.

ಇದರ ಸಾಮಾನಿಗೆ ಪುಣೆಯಂಥ ಊರಿಲ್ಲ. ತುಳಸಿಬಾಗಿನ ಆಟಿಕೆ ಅಂಗಡಿಗಳಲ್ಲಿ ಅಳತೆಗೆ ತಕ್ಕ ಪ್ಲಾಸ್ಟಿಕ್ ಚೆಂಡು ಸಿಗುತ್ತವೆ. ಅಪ್ಪಾ ಬಳವಂತ ಚೌಕದಲ್ಲಿ ಸನ್‌ಬೋರ್ಡು, ಬಣ್ಣ, ಬ್ಲೇಡು. ಬುಧವಾರ ಮತ್ತು ಭಾನುವಾರ ಸೇರುವ ಜೂನಾ ಬಜಾರಿನಲ್ಲಿ ಸತ್ತ ಕೀಬೋರ್ಡು, ಒಡೆದ ಕ್ಯಾಲ್ಕುಲೇಟರು, ಯಾವುದೋ ರೇಡಿಯೋದ ಕರುಳು. ನೌಕೆಯ ಮೈಮೇಲೆ ಕಾಣುವ ಕೊಳವೆ, ಪೆಟ್ಟಿಗೆ, ಜಾಲರಿ ಎಲ್ಲ ಇವೇ. ವಿಲಾಯತಿಯ ಸ್ಟುಡಿಯೋಗಳಲ್ಲೂ ಹೀಗೇ ಮಾಡುತ್ತಿದ್ದರು, ಯುದ್ಧಟ್ಯಾಂಕಿನ ಕಿಟ್ಟುಗಳನ್ನು ಒಡೆದು ಅಂಟಿಸುತ್ತಿದ್ದರು. ಸಂದಿಗೆ ಎಂ-ಸೀಲ್ ಮೆತ್ತಿ, ನೀರುಕಾಗದದಿಂದ ಉಜ್ಜಿ, ಗ್ಯಾರೇಜಿನವರ ಪ್ರೈಮರ್ ಹೊಡೆದು, ಮೇಲೆ ಹಸಿರು. ಕೊನೆಗೆ ತೆಳ್ಳಗೆ ಕರಡಿದ ಕಂದು ಬಣ್ಣ ಬಳಿದು ಒಣಗುವ ಮುಂಚೆ ಬಟ್ಟೆಯಿಂದ ಒರೆಸಬೇಕು. ಸಂದಿಗಳಲ್ಲಿ ಕೊಳೆ ಉಳಿಯುತ್ತದೆ. ಆ ಕೊಳೆ ಬಂದ ಕೂಡಲೇ ಪ್ಲಾಸ್ಟಿಕ್ ಚೆಂಡು ಹಡಗಾಗುತ್ತದೆ.

ಸಣ್ಣದು ಮಾಡಿ ನೋಡುವ ಚಟ ಈ ಊರಿಗೂ ಇದೆ. ಕೋಥ್ರೂಡಿನಲ್ಲಿ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ ಇದೆ, 1998ರಲ್ಲಿ ತೆರೆದದ್ದು. ಒಂದು ಕೋಣೆಯೊಳಗೆ ಇಡೀ ಊರು, ಸಿಗ್ನಲ್ಲು, ಹಗಲು, ರಾತ್ರಿ. ಅಲ್ಲಿ ಪ್ರತಿಯೊಂದೂ ಅಳತೆಗೆ ಸರಿ. ಇದಕ್ಕೆ ಪೂರ್ತಿ ವಿರುದ್ಧವಾದದ್ದು ದೀಪಾವಳಿಯಲ್ಲಿ ಮಕ್ಕಳು ಅಂಗಳದಲ್ಲಿ ಕಟ್ಟುವ ಕಿಲ್ಲೆ. ಕಲ್ಲು, ಮಣ್ಣು, ಗೋಣಿತಟ್ಟು ಸೇರಿಸಿ ರಾಯಗಡವನ್ನೋ ಪ್ರತಾಪಗಡವನ್ನೋ ಎಬ್ಬಿಸುತ್ತಾರೆ. ಸಾಸಿವೆ ಚೆಲ್ಲಿ ಹುಲ್ಲು ಬೆಳೆಸುತ್ತಾರೆ. ಮೇಲೆ ಕೂತ ಶಿವಾಜಿ ಮಹಾರಾಜರು ಮಾತ್ರ ಕೋಟೆಯ ಬಾಗಿಲಿನ ಎರಡು ಪಟ್ಟು ಎತ್ತರ! ಕೆಳಗಿನ ಮಾವಳೆ ಸೈನಿಕರು ಹೆಬ್ಬೆರಳಿನಷ್ಟು. ನಮ್ಮ ಸೊಸೈಟಿಯ ಹುಡುಗನೊಬ್ಬನಿಗೆ ಇದನ್ನು ಹೇಳಿದೆ. "ಅಂಕಲ್, ಅವರು ಮಹಾರಾಜರು" ಅಂದ. ಅವನ ದೃಷ್ಟಿಯಲ್ಲಿ ಅದು ಸಾಕಾದ ಉತ್ತರ.

ಅಪ್ಪ ಹೋದ ಮೇಲೆ, 2012ರಲ್ಲಿ, ಅವ್ವ ನಮ್ಮ ಜೊತೆ ಇರಲು ಬಂದಳು. ಬಾಗಲಕೋಟೆಯ ನವನಗರದ ಸೆಕ್ಟರಿನಿಂದ ಪುಣೆಯ ನಾಲ್ಕನೆಯ ಮಹಡಿಗೆ. ನವನಗರವೂ ಅವಳ ಊರಲ್ಲ. ಘಟಪ್ರಭೆಯ ದಂಡೆಯ ಹಳ್ಳಿ ನಮ್ಮದು. ಆಲಮಟ್ಟಿ ಅಣೆಕಟ್ಟಿಗೆ ಶಂಕುಸ್ಥಾಪನೆ ಆದದ್ದು 1964ರಲ್ಲಿ. "ಮುಳಗತೈತಿ, ಮುಳಗತೈತಿ" ಅಂತ ಕೇಳುತ್ತಲೇ ಅವಳು ಮದುವೆಯಾಗಿ ಬಂದಳು, ಮಕ್ಕಳನ್ನು ಹೆತ್ತಳು, ಅಟ್ಟದ ಮೇಲಿನ ಪಾತ್ರೆ ತೊಳೆದಿಟ್ಟಳು. ಕೊನೆಗೆ ಒಂದು ದಿನ ನಿಜವಾಗಿಯೂ ಹಿನ್ನೀರು ಬಂತು. ಪರಿಹಾರದ ಹಣ, ನಂಬರು ಇರುವ ಸೈಟು ಸಿಕ್ಕವು. ಬೇಸಿಗೆಯಲ್ಲಿ ನೀರು ಇಳಿದಾಗ ಹನುಮಪ್ಪನ ಗುಡಿಯ ಗೋಡೆ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ, "ಕಾಣಲಿ ಬಿಡು" ಅನ್ನುತ್ತಾಳೆ.

ಪುಣೆಯಲ್ಲಿ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ಕೆಳಗಿನ ಮರಾಠಿ ಹೆಂಗಸರ ಜೊತೆ ಎಷ್ಟು ಮಾತಾಡಿಯಾಳು? ಭಾನುವಾರ ಬಾಲ್ಕನಿಗೆ ಬಂದು ಮಣೆ ಹಾಕಿಕೊಂಡು ಕೂತಳು.

"ಏನಪಾ ಇದು, ಹಸರ ಮಿಡಿಚಿ ಮಾಡೀಯಲ್ಲ?"

ಹಡಗು ಅಂದೆ. ಆಕಾಶದಲ್ಲಿ ಹೋಗುವಂಥದ್ದು.

"ಎಷ್ಟ ಮಂದಿ ಇರ್ತಾರ ಇದರಾಗ?"

"ನಾಕ ಮಂದಿ. ಅವರಾಗ ಮನಷ್ಯಾ ಒಬ್ಬನ."

"ಊರಿಗೆ ಯಾವಾಗ ಮುಟ್ತಾರ?"

"ಮೂವತ್ತ ಲಕ್ಷ ವರ್ಷದ ದಾರಿ ಅವ್ವ."

"ಅಲ್ಲೀತನಾ ಊರು ಇರತೈತೇನು?"

"ಇರೂದಿಲ್ಲ. ಅದ ನಗೂ ವಿಷಯ."

"ಇದರಾಗ ನಗೂದೇನೈತಿ?" ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಇಣುಕಿ ಒಲೆ ಎಲ್ಲಿದೆ, ರೊಟ್ಟಿ ಬಡಿಯುವವರು ಯಾರು ಎಂದು ವಿಚಾರಿಸಿದಳು.

ಅವಳನ್ನು ನಗಿಸಿಯೇ ತೀರಬೇಕು ಎಂದು ಲಿಸ್ಟರನ ಫಿಜಿ ಯೋಜನೆ ಹೇಳಿದೆ. ಫಿಜಿ ದ್ವೀಪದಲ್ಲಿ ಹೊಲ ಕೊಳ್ಳಬೇಕೆಂಬುದು ಅವನ ಕನಸು. ಕುರಿ ಒಂದು, ಆಕಳು ಒಂದು ತಂದು, ಕುದುರೆ ಬೆಳೆಸುತ್ತಾನಂತೆ. ತೊಂದರೆ ಏನೆಂದರೆ ಆ ಕಾಲಕ್ಕೆ ದ್ವೀಪದ ಬಹುಭಾಗ ಮೂರು ಅಡಿ ನೀರಿನಲ್ಲಿ ಮುಳುಗಿದೆ. ಅದಕ್ಕೇ ಜಮೀನು ಅಗ್ಗ ಎನ್ನುತ್ತಾನೆ.

ಅವ್ವ ನನ್ನ ಮುಖ ನೋಡಿದಳು. "ಮುಳಗಿದ ಹೊಲಾನ ಅಗ್ಗಕ್ಕ ಹಿಡೀತಾನಂತ?" ಅಂದಳು. ಆಮೇಲೆ ನಗಲು ಶುರು ಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ. "ನಮ್ಮ ಮಂದಿಗೆ ಈ ಬುದ್ಧಿ ಹೊಳೀಲಿಲ್ಲ ನೋಡು! ನೀರಾಗಿಂದೆಲ್ಲಾ ನಾವ ಹಿಡೀಬೇಕಿತ್ತು."

ಆ ಜೋಕು ಬರೆದವರು ಎಂಥ ಪ್ರೇಕ್ಷಕರನ್ನು ಕಲ್ಪಿಸಿಕೊಂಡಿದ್ದರೋ. ಅದು ಪೂರ್ತಿ ಅರ್ಥವಾದದ್ದು ಘಟಪ್ರಭೆಯ ದಂಡೆಯ ಮುದುಕಿಗೆ.

ಅದೇ ಉತ್ಸಾಹದಲ್ಲಿ, ನಮ್ಮ ಹಳ್ಳಿಯನ್ನೇ ಮಾಡಿಕೊಡಲೇ ಎಂದು ಕೇಳಿದೆ. ಅವಳು ಹೇಳುತ್ತಾ ಹೋದಳು, ನಾನು ಗ್ರಾಫ್ ಕಾಗದದ ಮೇಲೆ ಗುರುತು ಹಾಕಿಕೊಂಡೆ. ಬೇವಿನ ಕಟ್ಟೆ, ಮಠದ ಓಣಿ, ಬಾವಿಯ ಮೆಟ್ಟಿಲು, ಗ್ವಾದಲಿ ಇದ್ದ ಮೂಲೆ. ನಮ್ಮ ಮನೆಯ ಮುಖ ಮೂವತ್ತು ಅಡಿ. 1:72ಕ್ಕೆ 127 ಮಿಲಿಮೀಟರ್. ಸನ್‌ಬೋರ್ಡಿನಲ್ಲಿ ಕತ್ತರಿಸಿ, ಬಾಗಿಲು ಕೊರೆದು, ಕಟ್ಟೆ ಅಂಟಿಸಿ ಮುಂದೆ ಇಟ್ಟೆ. ಅಂಗೈ ಮೇಲಿಟ್ಟು ನೋಡಿದಳು.

"ಇಷ್ಟ ಸಣ್ಣದಿತ್ತೇನು ನಮ್ಮ ಮನಿ?"

ಅಳತೆ ಸರಿಯಾಗಿದೆ ಅಂದೆ.

"ಅಳತಿ ಬರೋಬ್ಬರಿ ಇದ್ದೀತು ಬಿಡು" ಎಂದು ಕೆಳಗಿಟ್ಟಳು. ಮುಂದಿನ ಭಾನುವಾರ, "ನೀ ಆ ಮಿಡಿಚೀನ ಮಾಡು. ಮನಿ ಹೋಗೂದಿಲ್ಲ, ಬರೂದಿಲ್ಲ. ಅದರೆ ಹಾರತೈತಿ" ಅಂದಳು. ಹಳ್ಳಿಯ ಕೆಲಸ ಅಲ್ಲಿಗೆ ನಿಂತಿತು.

ಮಾದರಿ ಮಾಡುವುದು ನನ್ನ ಹುಚ್ಚು ಅಂದುಕೊಂಡಿದ್ದೆ. ಅದು ಮೊದಲು ಅವಳದು. ಕಾರಹುಣ್ಣಿಮೆಯ ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಎರಿ ಮಣ್ಣು ನಾದಿ ಜೋಡೆತ್ತು ಮಾಡಿ, ಗ್ವಾದಲಿ ಮಾಡಿ, ಕೊಂಬಿಗೆ ಬಣ್ಣ ಹಚ್ಚುತ್ತಿದ್ದವಳು ಅವಳು. ಪೂಜೆಯಾದ ಮೇಲೆ ಎತ್ತು ಹೊಳೆಗೆ. ಯಾರೂ ಎತ್ತಿಡುತ್ತಿರಲಿಲ್ಲ, ಮುಂದಿನ ವರ್ಷ ಕೈಯಿದೆ, ಮಣ್ಣಿದೆ. ಪುಣೆಯಲ್ಲೂ ಮಂಡಿಯ ಹತ್ತಿರ ಮಣ್ಣಿನ ಎತ್ತು ಮಾರಲು ಬರುತ್ತವೆ, ಆದರೆ ಬೈಲಪೋಳಾಕ್ಕೆ, ಶ್ರಾವಣದ ಅಮಾವಾಸ್ಯೆಗೆ. "ಎರಡ ತಿಂಗಳ ತಡಾ ಆಗಿ ಬರ್ತಾವ ಇಲ್ಲಿ ಎತ್ತು" ಎಂದು ಅವಳ ದೂರು.

ಒಂದು ವರ್ಷ ನಮ್ಮ ಲೆಕ್ಕದ ಅಮಾವಾಸ್ಯೆಗೇ ಮಾಡೋಣವೆಂದು ಗಣಪತಿ ಮಾಡುವ ಶಾಡೂ ಮಣ್ಣು ತಂದುಕೊಟ್ಟೆ. ಇಲ್ಲಿಯ ಶಾಡೂ ಗುಜರಾತಿನಿಂದ ಬರುವಂಥದ್ದು, ಬೂದು ಬಣ್ಣ. "ಇದು ಮಣ್ಣಲ್ಲ, ಮುಖಕ್ಕ ಹಚ್ಚೂ ಪೌಡರ" ಎಂದು ಬೈಯುತ್ತಲೇ ಎರಡು ಎತ್ತು ಮಾಡಿದಳು. ಬೆರಳು ನೀರಿಗೆ ಅದ್ದಿ ಬೆನ್ನು ಸವರುವ ರೀತಿ ನೋಡಿ, ಎಂ-ಸೀಲನ್ನು ಹಾಗೇ ಸವರಬೇಕೆಂದು ಕಲಿತುಕೊಂಡೆ. ನೀರುಕಾಗದದ ಕೆಲಸ ಅರ್ಧ ಉಳಿಯಿತು.

ಮಣ್ಣು ಒಂದು ಮುಷ್ಟಿ ಮಿಕ್ಕಿತ್ತು. ಅದರಲ್ಲಿ ಮೂರನೆಯದೊಂದನ್ನು ಮಾಡಿ ಕೆಚ್ಚಲು ಹಚ್ಚಿದಳು. ಒಣಗಿದ ಮೇಲೆ ತಂದು ನನ್ನ ನೌಕೆಯ ಪಕ್ಕದಲ್ಲಿ ಇಟ್ಟಳು.

"ಆ ಹುಡಗಗ ಆಕಳಾ ಬೇಕಂತ ಅಂದಿದ್ದಿಲ್ಲ?"

ಆಕಳು ಹತ್ತು ಸೆಂಟಿಮೀಟರ್ ಎತ್ತರ ಇದೆ. 1:72ರ ಲೆಕ್ಕದಲ್ಲಿ ಅದು ಏಳು ಮೀಟರಿನ ಆಕಳು, ನೌಕೆಯ ಬಾಗಿಲಿನೊಳಗೆ ಅದರ ಒಂದು ಕಿವಿಯೂ ತೂರುವುದಿಲ್ಲ. ಎತ್ತುಗಳನ್ನು ಆ ವರ್ಷವೇ ಬಕೆಟ್ಟಿನ ನೀರಿನಲ್ಲಿ ಬಿಟ್ಟು, ಕರಗಿದ್ದನ್ನು ತುಳಸಿಗೆ ಹಾಕಿದೆವು. ಆಕಳಿನ ಬಗ್ಗೆ ಅವ್ವ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪುಣೆಯ ಏಪ್ರಿಲ್ ಬಿಸಿಲಿಗೆ ಅದರ ಬೆನ್ನು ಸೀಳಿದೆ. ಬಂದವರು ನೌಕೆ ನೋಡಿ ಹೊಗಳಿ, ಇದೇಕೆ ಇಲ್ಲಿ, ಸ್ಕೇಲು ತಪ್ಪಿದೆಯಲ್ಲ ಅನ್ನುತ್ತಾರೆ. ಕಿಲ್ಲೆ ಕಟ್ಟುವ ಹುಡುಗನೊಬ್ಬ ಮಾತ್ರ ಏನೂ ಕೇಳಲಿಲ್ಲ.